ಹೆಸರು ಹಿಡಿಯಬಾರದು

ಆ ದಿನವೂ ಯಂತ್ರದೊಳಗೆ ಒಂದು ಪ್ರೋಗ್ರಾಮ್ ಸತ್ತುಬಿದ್ದಿತ್ತು. ಸಾಯುವಾಗ ತನ್ನ ನೆನಪನ್ನೆಲ್ಲ ‘ಕೋರ್’ ಎಂಬ ಕಡತದಲ್ಲಿ ಕಾರಿತ್ತು. ಡಿಸ್ಕ್ ತುಂಬಿ, ಮಲಪ್ರಭೆಯ ನೀರಿನ ಲೆಕ್ಕ ಮತ್ತೆ ಹಾಳಾಗಿತ್ತು.

೧೯೭೯ರ ಮಾತು. ಸವದತ್ತಿಯ ಆ ಸಣ್ಣ ನೀರಾವರಿ ಕಚೇರಿಗೆ ಯುನಿಕ್ಸ್ ನಡೆಸುವ ಕಂಪ್ಯೂಟರ್ ಯಂತ್ರ ಹೊಸದು. ತಪ್ಪು ಯಾರದೆಂದು ಗೊತ್ತಾಗಲಿ ಎಂದು ಸಾಹೇಬರು ಕಟ್ಟಳೆ ಮಾಡಿದ್ದರು: ಪ್ರತಿಯೊಬ್ಬರೂ ತಮ್ಮ ಪ್ರೋಗ್ರಾಮಿಗೆ ತಮ್ಮದೇ ಹೆಸರಿಡಬೇಕು, ಇಂಗ್ಲಿಷ್ ಅಕ್ಷರಗಳಲ್ಲಿ. ಶಿಸ್ತಿನ ಮನುಷ್ಯ, ತಾವೂ ಇಟ್ಟರು. ದಿನಾ ಎಲ್ಲರಿಗಿಂತ ಮೊದಲು ಬಂದು ಯಂತ್ರದ ಮುಂದೆ ಕೂರುವವರೂ ಅವರೇ.

ಸತ್ತ ಪ್ರೋಗ್ರಾಮಿನ ಹೆಸರನ್ನು ಯಂತ್ರ ಬರೆದಿಡುತ್ತಿತ್ತು. ಆದರೆ ಮಹಾ ಜಿಪುಣ, ಹತ್ತು ಇಂಗ್ಲಿಷ್ ಅಕ್ಷರ ದಾಟುತ್ತಿರಲಿಲ್ಲ. ಸಹೋದ್ಯೋಗಿ ನಿಜಗುಣಪ್ಪನ ಹೆಸರಿನ ಬಾಲವನ್ನು ಅದು ನುಂಗಿದಾಗ ಪಕ್ಕದ ಮೇಜಿನ ಹುಡುಗ ಬಾಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಈ ಸಲ ಯಾರೂ ನಗಲಿಲ್ಲ. ಕಾಗದದ ಮೇಲೆ ಮೂಡಿದ್ದು ‘ಸಿದ್ದಲಿಂಗ’.

ಅಲ್ಲೇ ಕೆಲಸಕ್ಕಿದ್ದ ಸಿದ್ದಲಿಂಗವ್ವ ಕಾಗದ ಎಳೆದುಕೊಂಡು ಮತ್ತೊಮ್ಮೆ ಓದಿದಳು. ಗೊತ್ತಾಗಿದ್ದ ಮದುವೆ ಸಂಬಂಧ ಬಿಟ್ಟು, ಅಪ್ಪನೊಡನೆ ಜಗಳವಾಡಿ ಕಟಕೋಳದಿಂದ ಬಂದು ಹಿಡಿದ ಕೆಲಸವಿದು. ಇದು ಕೈತಪ್ಪಿದರೆ ತಲೆ ತಗ್ಗಿಸಿಕೊಂಡು ಅದೇ ಮನೆಗೆ ಹೋಗಬೇಕು.

“ಯಂತ್ರ ಯಾರ ಮುಲಾಜೂ ಹಿಡಿಯಂಗಿಲ್ಲ, ತಂಗಿ,” ಎಂದರು ಸಾಹೇಬರು. “ಹೆಸರು ಹೇಳೈತಿ. ಆ ಹೆಸರಿನವರು ನಾಳಿಂದ ಇಲ್ಲಿ ಕುಂದರಂಗಿಲ್ಲ.”

ಅವಳು ಸಂಜೆಯವರೆಗೆ ತನ್ನ ಪ್ರೋಗ್ರಾಮನ್ನು ಸಾಲುಸಾಲಾಗಿ ಜಾಲಾಡಿದಳು. ತಪ್ಪು ಸಿಗಲಿಲ್ಲ. ಸಿಗದಿದ್ದಷ್ಟೂ ತನ್ನ ಮೇಲೇ ಅನುಮಾನ ಹೆಚ್ಚಿತು. ಬಾಳು ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೊನೆಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದು, ಎಲ್ಲರೆದುರೇ ಪ್ರೋಗ್ರಾಮನ್ನು ಅಳಿಸಿಹಾಕಿದಳು.

“ನನ್ನದು ಅಳಿಸೇನ್ರಿ. ಇನ್ನರ ಯಂತ್ರ ಸುಮ್ನ ಇರತೈತೇನು ನೋಡ್ರಿ.”

ಮರುದಿನ ಬೆಳಿಗ್ಗೆ, ಮರೆತು ಹೋಗಿದ್ದ ಬುತ್ತಿ ಡಬ್ಬಿ ಒಯ್ಯಲು ಬಂದಳು. ಸಾಹೇಬರು ಆಗಲೇ ಬಂದು ತಮ್ಮ ಕೋಣೆ ಸೇರಿದ್ದರು. ಯಂತ್ರದ ಮುಂದೆ ಬಾಳು ಬಿಳಿಚಿಕೊಂಡು ನಿಂತಿದ್ದ. ಹೊಸ ಕೋರ್ ಬಿದ್ದಿತ್ತು. ಅವನ ಕೈಯ ಕಾಗದದಲ್ಲಿ ಅದೇ ಹೆಸರು: ಸಿದ್ದಲಿಂಗ.

ತನ್ನದು ಯಂತ್ರದಲ್ಲೇ ಇಲ್ಲವಲ್ಲ, ಮತ್ತೆ ಇದು ಯಾರದೆಂದು ಅವಳು ಕೇಳಿದಳು.

“ದೊಡ್ಡವರ ಹೆಸರು ನಾ ಹೆಂಗ ಹಿಡೀಲಿ, ಅಕ್ಕಾ?” ಎಂದ ಬಾಳು, ಸಾಹೇಬರ ಕೋಣೆಯತ್ತ ನೋಡುತ್ತ.

ಮುಚ್ಚಿದ ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ, ಕಚೇರಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಹೆಸರು ಬಾಲದ ಸಮೇತ ಇತ್ತು: ಸಿದ್ದಲಿಂಗಪ್ಪ.