ಹರಕೆಯ ಹುಂಜಕ್ಕೆ ಕಾಯಿಲೆ

ಮಾರಮ್ಮನಿಗೆ ಹರಕೆ ಬಿಟ್ಟಿದ್ದ ಹುಂಜ ಹಬ್ಬದ ಬೆಳಿಗ್ಗೆ ನುಚ್ಚಕ್ಕಿ ತಿಂದಿದ್ದೇ ತಡ, ಕತ್ತು ವಾಲಿಸಿಕೊಂಡು ತೂರಾಡತೊಡಗಿತು. ಜವರಯ್ಯ ಕಂಗಾಲಾಗಿ ಅರಿಶಿನ, ಬೆಳ್ಳುಳ್ಳಿ ಅರೆದು ಕುಡಿಸಿದ. ಮಗನಂತೆ ಅದನ್ನು ಸಾಕಿದ್ದ ಹೆಂಡತಿ ನಿಂಗಾಜಮ್ಮ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಗೊಳೋ ಎಂದಳು.

"ಕಾಯ್ಲೆ ಕೋಳಿ ಅಮ್ಮಂಗೆ ಆಗಾಕಿಲ್ಲ ಕಣಪ್ಪ. ಕಾಯಿ ಒಡ್ಸಿ ಹರಕೆ ತೀರ್ಸ್‌ಬುಡು," ಎಂದ ಪೂಜಾರಿ.

ಜವರಯ್ಯ ಕಾಯಿ ಒಡೆಸಿ ಸಂಜೆ ಮನೆಗೆ ಬಂದರೆ, ಹುಂಜ ಸೂರು ಹತ್ತಿ ಊರಿಗೆಲ್ಲ ಕೇಳುವಂತೆ ಕೂಗುತ್ತಿದೆ!

"ಎಲ್ಲಾ ಅಮ್ಮನ ಮಯ್ಮೆ!" ಎಂದು ನಿಂಗಾಜಮ್ಮ ಅಂಗಳದಲ್ಲೇ ಕುಣಿದಳು. ಜವರಯ್ಯನೂ ಕುಣಿದ. ಆ ಖುಷಿಗೆ ಒಂದು ಗುಟುಕು ಹಾಕೋಣವೆಂದು ಅಟ್ಟದಲ್ಲಿ ಬಚ್ಚಿಟ್ಟಿದ್ದ ಸಾರಾಯಿ ಬಾಟಲಿ ತೆಗೆದ.

ಒಳಗೆ ಹನಿಯೂ ಇರಲಿಲ್ಲ; ತಳದಲ್ಲಿ ನಾಲ್ಕು ಕಾಳು ನುಚ್ಚಕ್ಕಿ ನೆನೆದು ಊದಿಕೊಂಡಿತ್ತು.