ಪಾರೂಗೆ ಮರಳಿನ ಲಂಗ

ಭೂಮಿಯ ಸೆಳೆತ ಕುಗ್ಗಿದಾಗಿನಿಂದ ಊರವರೆಲ್ಲ ಬಟ್ಟೆಯ ಅಂಚಿಗೆ ಮರಳು ತುಂಬಿ ಹೊಲಿದುಕೊಂಡೇ ನಡೆದಾಡುತ್ತಿದ್ದರು. ಇವತ್ತು ಕಸ್ತೂರಿ ಮಗಳಿಗೆ ಮೊದಲ ಲಂಗ ಹೊಲಿಯುತ್ತಿದ್ದಳು. ವರ್ಷದ ಕೂಸು ಪಾರು ಮಶೀನಿನ ಕಾಲಿಗೆ ಕಟ್ಟಿದ ದಾರದ ತುದಿಯಲ್ಲಿ, ಜಂತಿಯ ಹತ್ತಿರ ತೇಲುತ್ತ ಕೇಕೆ ಹಾಕುತ್ತಿತ್ತು.

“ಸೊಂಟಕ್ಕ ಕುರ್ಚಿ ಬೆಲ್ಟ್ ಬಿಗದೀ ಏನವಾ? ಪೆಡಲ್ ತುಳಿದ್ರ ನೀನೂ ಮ್ಯಾಲ ಹೊಕ್ಕಿ,” ಎಂದರು ಅತ್ತೆ.

“ಬಿಗದೀನ್ರಿ ಅತ್ತಿ. ಮರಳ ಸಾಲವಲ್ದು!”

ಕಸ್ತೂರಿ ತನ್ನ ಸೀರೆಯಂಚನ್ನೇ ಬಿಚ್ಚಿ, ಆ ಮರಳನ್ನು ಲಂಗಕ್ಕೆ ಸುರಿದು, ಸೂಜಿಯಿಂದ ಬೆರಳು ದೂರವಿಟ್ಟು ಹೊಲಿಗೆ ಮುಗಿಸಿದಳು. ಅತ್ತೆ ಕೂಸನ್ನು ಕೆಳಗೆಳೆದು ಲಂಗ ತೊಡಿಸಿ ದಾರ ಬಿಚ್ಚಿದರು. ಪಾರುವಿನ ಪಾದಗಳು ಮೊದಲ ಸಲ ನೆಲದ ಮೇಲೆ ನಿಂತವು.

“ನಿಂತ್ಳು! ನಿಂತ್ಳು ನೋಡ್ರಿ!” ಕಸ್ತೂರಿ ಬೆಲ್ಟ್ ಕಿತ್ತೆಸೆದು ಮಗಳತ್ತ ಜಿಗಿದಳು. ಜಿಗಿದವಳು ಜಂತಿಗೆ ಹೋಗಿ ತಾಗಿ ನಗತೊಡಗಿದಳು.

ಅತ್ತೆ ದಾರವನ್ನು ಮೇಲಕ್ಕೆಸೆದು, ಇನ್ನೊಂದು ತುದಿಯನ್ನು ಪಾರುವಿನ ಮುಷ್ಟಿಯಲ್ಲಿಟ್ಟರು.

“ಗಟ್ಟಿ ಹಿಡಿಯವಾ, ನಿಮ್ಮವ್ವ ಹಾರಿ ಹೋದಾಳು.”