ಸೋಮವಾರದೊಳಗೆ ಒಂದು ಅಟ್ಟ

ಮುರಿದ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು, ಹನ್ನೊಂದೇ ದಿನಗಳಲ್ಲಿ, ಬಡಗಿ ಬೆನಿಗ್ನೊ ರೆಗ್ಲಾ ಊರಿನ ನೃತ್ಯಶಾಲೆಗೆ ಮರದ ನೆಲ ಹಾಸಿ ಮುಗಿಸಿದ್ದ. ಮುನ್ನೂರು ಜೋಡಿಗಳು ಒಮ್ಮೆಗೇ ಕುಣಿದರೂ ಒಂದು ಹಲಗೆ ಕಿರುಗುಟ್ಟಿರಲಿಲ್ಲ. ಅದಾಗಿ ಐವತ್ತೆರಡು ವರ್ಷ. ಆ ಕೀರ್ತಿಯನ್ನು ಗಳಿಸಿಕೊಟ್ಟ ಮಂಡಿಗಳು ಈಗ ಬಾಗಲೊಲ್ಲವು. ಕೆಲಸ ಬಿಟ್ಟೆನೆಂದು ಹಳೆಯ ಹವಾನಾದ ಬೀದಿಬೀದಿಗೂ ಆತ ಸಾರಿಯಾಗಿತ್ತು.

ಆದರೂ ಶುಕ್ರವಾರ ಬೆಳಿಗ್ಗೆ ಆತ ಅಪರಿಚಿತರ ಕೋಣೆಯಲ್ಲಿ ಕತ್ತೆತ್ತಿ ನಿಂತಿದ್ದ. ಕೋಣೆ ಒಂದೇ, ಎತ್ತರ ಮಾತ್ರ ಮೂರಾಳಿನಷ್ಟು. ನಡುವೆ ಅಡ್ಡತೊಲೆಗಳನ್ನು ಆಗಲೇ ಕೂರಿಸಿದ್ದರು. ಅವುಗಳ ಮೇಲೆ ನೆಲ ಬೇಕಿತ್ತು: ಗಟ್ಟಿಯಾದದ್ದು, ಅಗ್ಗವಾದದ್ದು, ಸೋಮವಾರದೊಳಗೆ ಮುಗಿಯುವಂಥದ್ದು.

“ಹೊಲಿಗೆ ಯಂತ್ರ, ಮಂಚ, ಒಲೆ, ಎಲ್ಲಾ ಅಟ್ಟದ ಮೇಲೇನೇ ತಾತ,” ಎಂದಳು ಆ ಕೋಣೆಯ ತರುಣಿ ಯುಸ್ಲೈದಿ.

“ಸೋಮವಾರಾನೇ ಯಾಕಮ್ಮ? ನನ್ನ ಮಂಡಿ ನೋಡಿದ್ಯಾ?”

“ಹತ್ತು ಗಂಟೆಗೆ ನೋಟರಿ ಹತ್ರ ಸಹಿ. ನೆಲ ಆಗ್ಲಿಲ್ಲ ಅಂದ್ರೆ ಸಹೀನೂ ಇಲ್ಲ. ನಮಗೆ ಬೇರೆ ಜಾಗ ಎಲ್ಲಿದೆ, ಹೇಳಿ?”

ಆ ಊರಲ್ಲಿ ಮದುವೆಗೆ ಸಹಿ ಬೀಳುವುದೂ ನೋಟರಿಯ ಮುಂದೆಯೇ; ಬೆನಿಗ್ನೊನ ಮುಖ ಅರಳಿತು. “ಮೊದ್ಲೇ ಹೇಳ್ಬಾರ್ದಾ ಮಗಳೇ! ಮದುವೆ ಮನೆ ಕೆಲಸಕ್ಕೆ ನಾನು ಒಲ್ಲೆ ಅಂತೀನಾ?”

ಪಕ್ಕದಲ್ಲಿದ್ದ ತರುಣ ಓಸ್ನಿಯೆಲ್ ಬಾಯಿ ತೆರೆದ. ಯುಸ್ಲೈದಿ ಅವನ ಕಾಲು ತುಳಿದಳು.

ಆಯ್ಕೆ ಸುಲಭವಾಗಿರಲಿಲ್ಲ. ಸಿಮೆಂಟಿನ ಬಿಲ್ಲೆಗಳ ಭಾರವನ್ನು ತೊಲೆಗಳು ತಾಳಲಾರವು. ಹೊಟ್ಟು ಒತ್ತಿ ಮಾಡಿದ ಹಲಗೆ ಕಡಲ ತೇವಕ್ಕೆ ವರ್ಷದೊಳಗೆ ರೊಟ್ಟಿಯಂತೆ ಉಬ್ಬೀತು. ಪ್ಲಾಸ್ಟಿಕ್ ಹಾಸೋ, ಒಲೆಯ ಕಾವಿಗೇ ಕರಗೀತು. ಕೊನೆಗೆ ಬೆನಿಗ್ನೊ, ಸ್ವಂತ ಮಗನಿಗೂ ಕೊಡದೆ ಕಾಪಿಟ್ಟಿದ್ದ ಹಳೆಯ ಪೈನ್ ಹಲಗೆಗಳನ್ನು ತರಿಸಿದ. ರಾಳ ತುಂಬಿದ ಮರ; ಗೆದ್ದಲು ಹಲ್ಲು ಮುರಿದುಕೊಂಡು ಹಿಂದಿರುಗಬೇಕು. ಬೆಲೆ, ಗಾಡಿಯ ಬಾಡಿಗೆ ಮಾತ್ರ.

ಓಸ್ನಿಯೆಲ್ ಸಂದುಗಳಿಗೆ ಬೆರಳು ತೂರಿಸಿ ನೋಡಿದ. “ಇಲ್ಲಿ ಬೆಳಕು ಇಳಿಯುತ್ತೆ ತಾತ. ಇಳೀಬಾರ್ದು.”

“ಮಾತೂ ಇಳೀಬಾರ್ದು,” ಎಂದಳು ಯುಸ್ಲೈದಿ. “ಪಿಸುಮಾತು ಕೂಡ.”

“ಓಹೋ, ಪಿಸುಮಾತು!” ಮುದುಕ ಕಣ್ಣು ಮಿಟುಕಿಸಿದ. “ಕೆಳಗೆ ಇರೋರು ಯಾರು, ಅತ್ತೇನಾ?”

“ಅತ್ತೆ ಆಗಿದ್ರೆ ಹೇಗೋ ಸಹಿಸ್ಕೋತಿದ್ದೆ.”

“ಇವಳ ಚಪ್ಪಲಿ ಟಕಟಕ ಮೂರು ವರ್ಷ ಕೇಳಿದ ತಲೆ ಇದು,” ಎಂದ ಓಸ್ನಿಯೆಲ್. “ಅದಕ್ಕೂ ಒಂದು ದಾರಿ ಮಾಡಿ, ನಿಮಗೆ ಪುಣ್ಯ ಬರುತ್ತೆ.”

ಪ್ರೇಮಿಗಳ ಕೀಟಲೆಗೆ ಮುದುಕನ ಮನಸ್ಸು ತುಂಬಿಬಂದಿತು. ಹಲಗೆಗಳ ಅಡಿಗೆ ತೆಂಗಿನ ನಾರನ್ನು ಗಿಡಿದು ತುಂಬಿದ. ಏಣಿಯನ್ನು ಬಾಗಿಲ ಪಕ್ಕಕ್ಕೇ ಇಡಬೇಕು, ಹತ್ತುವವರು ಕೋಣೆಯನ್ನು ಹಾಯುವಂತಿರಬಾರದು ಎಂದು ಅವಳು ಹೇಳಿದಾಗ, ಎಂಥ ಜಾಣ ಗೃಹಿಣಿಯೆಂದು ತಲೆದೂಗಿದ.

ಭಾನುವಾರ ಸಂಜೆ ಕೊನೆಯ ಮೊಳೆ ಕೂತಿತು. ಯುಸ್ಲೈದಿ ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿ ಅಟ್ಟದ ಉದ್ದಗಲಕ್ಕೂ ಕಾಲು ಅಪ್ಪಳಿಸಿದಳು. ಕೆಳಗೆ ಓಸ್ನಿಯೆಲ್ ಉಸಿರು ಬಿಗಿಹಿಡಿದು ಕಿವಿಗೊಟ್ಟ.

“ಕೇಳಿಸ್ತಿಲ್ಲ ತಾತ! ಏನೇನೂ ಕೇಳಿಸ್ತಿಲ್ಲ!” ಅವನು ಮುದುಕನನ್ನು ತಬ್ಬಿಕೊಂಡು ಅತ್ತೇಬಿಟ್ಟ.

ಬೆನಿಗ್ನೊನ ಕಣ್ಣೂ ಒದ್ದೆಯಾಯಿತು. ಹೆಂಡತಿ ಮಾಡಿಕೊಟ್ಟ ಕೇಕನ್ನು ಆತ ಬುಟ್ಟಿಯಿಂದ ಹೊರತೆಗೆದ. ಮೇಲೆ ಸಕ್ಕರೆಯ ಎರಡು ಪಾರಿವಾಳಗಳು. “ಬೇಗ ಒಂದು ತೊಟ್ಟಿಲಿಗೂ ಅಟ್ಟದಲ್ಲಿ ಜಾಗ ಮಾಡ್ಕೊಳ್ರಪ್ಪಾ!”

ಕೆಳಗಿಳಿದು ಬಂದ ಯುಸ್ಲೈದಿ ಕೇಕನ್ನು ಸರಿಯಾಗಿ ನಡುವೆ ಕೊಯ್ದಳು. ಅರ್ಧವನ್ನು ಓಸ್ನಿಯೆಲನ ಕೈಗಿಟ್ಟು, ಉಳಿದರ್ಧವನ್ನು ಹಿಡಿದು ಏಣಿ ಹತ್ತಿ, ಅಟ್ಟದ ಕಿಂಡಿಯಿಂದ ತಲೆ ಹೊರಹಾಕಿದಳು.

“ಕ್ಷಮಿಸಿ ತಾತ, ನಾಳೆ ನಮಗೆ ವಿಚ್ಛೇದನ, ಬೇರೆ ಕೋಣೆ ಸಿಗೋವರೆಗೂ ಇವನು ಕೆಳಗೆ, ನಾನು ಮೇಲೆ.”